ಬೋರ್‌ವೆಲ್ ಸ್ಟಾರ್ಟರಿನ ಬೋರ್ಡು: ಕಾರ್ಖಾನೆಗೆ ಕಳಿಸುವ ಮುನ್ನ ಯಾವುದನ್ನು ಆರಿಸಬೇಕು?

ತುಮಕೂರು ಜಿಲ್ಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಹಿಡಿದವರ ಮೇಜಿಗೆ ಒಂದಲ್ಲ ಒಂದು ದಿನ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಬೋರ್ಡು ಬಂದೇ ಬರುತ್ತದೆ. ಶಿರಾ, ಪಾವಗಡ, ಮಧುಗಿರಿ ಕಡೆಯ ಹೊಲಗಳಿಗೆ ತ್ರೀ-ಫೇಸ್ ಕರೆಂಟು ದಿನದ ಕೆಲವು ಗಂಟೆ ಮಾತ್ರ, ಎಷ್ಟೋ ಸಲ ಸರಿರಾತ್ರಿಯಲ್ಲಿ ಬರುವುದರಿಂದ, ಕರೆಂಟು ಬಂದ ಕೂಡಲೇ ಮೋಟರನ್ನು ತಾನಾಗಿ ಆನ್ ಮಾಡುವ, ಒಂದು ಫೇಸ್ ಕೈಕೊಟ್ಟರೆ ನಿಲ್ಲಿಸುವ, ನೀರು ಬತ್ತಿದರೆ ಡ್ರೈ ರನ್ ತಡೆಯುವ, ಮನೆಯಲ್ಲಿರುವವರ ಮೊಬೈಲಿಗೆ ಸುದ್ದಿ ಮುಟ್ಟಿಸುವ ಬೋರ್ಡಿಗೆ ಇಲ್ಲಿ ಬೇಡಿಕೆ ತಪ್ಪಿದ್ದಿಲ್ಲ.

ಸರ್ಕ್ಯೂಟು ಪ್ರಯೋಗಕ್ಕೆ ಬಳಸುವ ಜನರಲ್ ಪರ್ಪಸ್ ಬೋರ್ಡಿನ ಮೇಲೆ ಓಡಿದೆ, ಬೋರ್ಡು ವಿನ್ಯಾಸದ ತಂತ್ರಾಂಶ ಕೀಕ್ಯಾಡ್‌ನಲ್ಲಿ ಟ್ರ್ಯಾಕುಗಳನ್ನು (ಕರೆಂಟು ಹರಿಯುವ ತಾಮ್ರದ ಗೆರೆಗಳನ್ನು) ಎಳೆದಾಗಿದೆ ಎಂದಿಟ್ಟುಕೊಳ್ಳೋಣ. ಈ ಮಾರ್ಗದರ್ಶಿ ಅಲ್ಲಿಂದ ಮುಂದಿನ ಹಾದಿಗೆ. ಬೋರ್ಡು ತಯಾರಿಸುವ ಯಾವ ಕಾರ್ಖಾನೆಯ ಆರ್ಡರ್ ನಮೂನೆಯನ್ನು ತೆರೆದರೂ ಪದರ ಎಷ್ಟು, ದಪ್ಪ ಎಷ್ಟು, ತಾಮ್ರ ಎಷ್ಟು ಔನ್ಸ್ (ತಾಮ್ರದ ದಪ್ಪದ ಅಳತೆ), ಪ್ಯಾಡಿನ (ಬಿಡಿಭಾಗದ ಕಾಲನ್ನು ಬೆಸೆಯುವ ತಾಮ್ರದ ಜಾಗದ) ಲೇಪ ಯಾವುದು ಎಂದು ಹತ್ತು ಹನ್ನೆರಡು ಖಾನೆಗಳಿರುತ್ತವೆ, ಮತ್ತು ಪ್ರತಿ ಖಾನೆಯಲ್ಲೂ ಸಾಮಾನ್ಯವಾಗಿ ಮೊದಲೇ ಒಂದು ಉತ್ತರ ತುಂಬಿರುತ್ತದೆ: ಎರಡು ಪದರ, 1.6 ಮಿ.ಮೀ., 1 ಔನ್ಸ್, ಹಸಿರು ಮಾಸ್ಕ್ (ತಾಮ್ರವನ್ನು ಮುಚ್ಚುವ ಬಣ್ಣದ ಪೊರೆ), ಎಚ್‌ಎಎಸ್‌ಎಲ್ ಎಂಬ ಸೋಲ್ಡರಿನ ಲೇಪ. ನಾವು ಕೈಯಾಡಿಸದ ಖಾನೆಯನ್ನು ಕಾರ್ಖಾನೆಯೇ ತೀರ್ಮಾನಿಸುತ್ತದೆ. ಲ್ಯಾಬಿನ ಮೇಜಿನ ಮೇಲೆ 5 ವೋಲ್ಟಿನಲ್ಲಿ ಓಡುವ ಬೋರ್ಡಿಗೆ ಆ ಉತ್ತರಗಳು ಸಾಕು; ನಮ್ಮದು ಹೊಲದ ಬದುವಿನ ಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆಯಲ್ಲಿ, ಇರುವೆ ಹಲ್ಲಿಗಳ ಸಹವಾಸದಲ್ಲಿ, 415 ವೋಲ್ಟಿನ ಮಗ್ಗುಲಲ್ಲಿ ವರ್ಷಗಟ್ಟಲೆ ಬಾಳಬೇಕು. ಆದ್ದರಿಂದ ಯಾವ ಖಾನೆಯನ್ನು ಇದ್ದಂತೆ ಬಿಡಬಹುದು, ಯಾವುದಕ್ಕೆ ಹೆಚ್ಚಿಗೆ ದುಡ್ಡು ಕೊಡಬೇಕು, ಯಾವ ತೀರ್ಮಾನಕ್ಕೆ ಆ ನಮೂನೆಯಲ್ಲಿ ಖಾನೆಯೇ ಇಲ್ಲ ಎಂಬ ದೃಷ್ಟಿಯಿಂದ ಇಲ್ಲಿ ಹೋಲಿಸಿದ್ದೇನೆ.

ಎಲ್ಲಿ ಮಾಡಿಸುವುದು: ಮನೆ, ಪೀಣ್ಯ, ಚೀನಾ

ಲೇಸರ್ ಪ್ರಿಂಟನ್ನು ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರದ ಹಾಳೆಗೆ ಒತ್ತಿ, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಮನೆಯಲ್ಲೇ ಬೋರ್ಡು ಮಾಡುವ ವಿಧಾನವನ್ನು ಡಿಪ್ಲೊಮಾ ಓದಿದವರೆಲ್ಲ ಬಲ್ಲರು. ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಅದರ ದೊಡ್ಡ ಗುಣ. ಆದರೆ ತೂತುಗಳ ಒಳಗೋಡೆಗೆ ತಾಮ್ರ ಕೂರುವುದಿಲ್ಲ, ಮಾಸ್ಕ್ ಇರುವುದಿಲ್ಲ, ಎರಡು ಬದಿಗಳನ್ನು ಒಂದಕ್ಕೊಂದು ಹೊಂದಿಸುವುದು ಕಷ್ಟ. ಮೈಕ್ರೋಕಂಟ್ರೋಲರ್ ಭಾಗವನ್ನು ಪರೀಕ್ಷಿಸಲು ಇದು ಸಾಕು. 415 ವೋಲ್ಟಿಗೆ ಹಾಕಲು ಖಂಡಿತ ಬೇಡ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ಅದನ್ನು ಚರಂಡಿಗೋ ತೋಟಕ್ಕೋ ಚೆಲ್ಲಬಾರದು.

ಬೋರ್ಡು ತಯಾರಿಸುವ ಘಟಕಗಳಿರುವ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯ ನಮಗೆ ಇನ್ನೊಂದು ಬಗೆಯಲ್ಲಿ ಅನುಕೂಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ., ಮತ್ತು ಪೀಣ್ಯ ಇರುವುದು ಆ ರಸ್ತೆಯ ಮೇಲೆಯೇ, ಊರ ಒಳಗಿನ ಟ್ರಾಫಿಕ್ಕಿಗೆ ಸಿಗುವ ಮೊದಲೇ. ಬೆಳಿಗ್ಗೆ ಬಸ್ಸು ಹತ್ತಿದವರು ಬೋರ್ಡು ತೆಗೆದುಕೊಂಡು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋಗಿ ರಿಲೇ ಕನೆಕ್ಟರುಗಳನ್ನು ಕಟ್ಟಿಸಿಕೊಂಡು ಸಂಜೆಗೆ ಮರಳಬಹುದು. ಇಂಥ ಘಟಕಗಳಲ್ಲಿ ಮೊದಲ ಸಲ ಫಿಲ್ಮ್ ಚಾರ್ಜ್ (ಟ್ರ್ಯಾಕುಗಳ ಅಚ್ಚಿನ ಖರ್ಚು) ಎಂದು ಬೇರೆಯೇ ಹಣ ಕೇಳುತ್ತಾರೆ. ಅದೇ ಬೋರ್ಡನ್ನು ಮತ್ತೆ ಮಾಡಿಸಿದಾಗ ಅದು ಇರುವುದಿಲ್ಲ. ಹಾಗಾಗಿ ಐದು ಬೋರ್ಡಿಗೆ ದುಬಾರಿ ಎನಿಸಿದ್ದು ನೂರು ಬೋರ್ಡಿಗೆ ಅಗ್ಗವಾಗುತ್ತದೆ.

ಚೀನಾದ ಆನ್‌ಲೈನ್ ಕಾರ್ಖಾನೆಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಅವರು ಹತ್ತಾರು ಗಿರಾಕಿಗಳ ವಿನ್ಯಾಸಗಳನ್ನು ಒಂದೇ ದೊಡ್ಡ ಹಾಳೆಯ ಮೇಲೆ ಜೋಡಿಸಿ ಒಟ್ಟಿಗೆ ಮಾಡುತ್ತಾರೆ. ಒಂದೇ ಹಾಳೆ ಎಂದ ಮೇಲೆ ಎಲ್ಲರಿಗೂ ಅದೇ ದಪ್ಪ, ಅದೇ ತಾಮ್ರ, ಅದೇ ಲೇಪ. ನಮೂನೆಯ ಖಾನೆಗಳಲ್ಲಿ ಮೊದಲೇ ತುಂಬಿದ ಉತ್ತರಗಳ ಮೂಲ ಬಹುಮಟ್ಟಿಗೆ ಇದೇ. 100 × 100 ಮಿ.ಮೀ. ಒಳಗಿನ ಐದು ಬೋರ್ಡು ಅಷ್ಟು ಅಗ್ಗಕ್ಕೆ ಸಿಗುವುದೂ, ಒಂದು ಖಾನೆ ಬದಲಿಸಿದೊಡನೆ ಬೆಲೆ ಜಿಗಿಯುವುದೂ ಈ ಕಾರಣಕ್ಕೇ. ಕೊರಿಯರ್, ಕಸ್ಟಮ್ಸ್, ಐಜಿಎಸ್‌ಟಿ ಸೇರಿದಾಗ ಬೋರ್ಡಿನ ಬೆಲೆಗಿಂತ ಅದು ಬರುವ ಖರ್ಚೇ ಹೆಚ್ಚಾಗುವುದುಂಟು. ನಾನು ಮಾದರಿಯನ್ನು ಎಲ್ಲಿ ಅಗ್ಗವೋ ಅಲ್ಲಿ ಮಾಡಿಸುತ್ತೇನೆ. ಗಿರಾಕಿಗೆ ಹೋಗುವ ಲಾಟನ್ನು ಮಾತ್ರ ಎದುರು ಕೂತು ಮಾತಾಡಬಹುದಾದ ಕಡೆ.

ಗರ್ಬರ್ ಕಳಿಸಬೇಕೋ, ಮೂಲ ಫೈಲನ್ನೇ ಕೊಡಬೇಕೋ

ಬೋರ್ಡಿನ ಒಂದೊಂದು ಪದರದ ಚಿತ್ರವನ್ನು ಕಾರ್ಖಾನೆಗೆ ಹೇಳುವ ಫೈಲೇ ಗರ್ಬರ್. ಈಗ ಹಲವು ಕಾರ್ಖಾನೆಗಳು ಕೀಕ್ಯಾಡ್‌ನ ಮೂಲ ಫೈಲನ್ನೇ ತೆಗೆದುಕೊಳ್ಳುತ್ತವೆ. ಕೆಲಸ ಸುಲಭವಾದಂತೆ ಕಾಣುತ್ತದೆ, ಆದರೆ ಆಗ ಗರ್ಬರ್ ತೆಗೆಯುವ ಕೆಲಸ ನಮ್ಮ ಕಣ್ಣಿಗೆ ಬೀಳದ ಕಡೆ, ಅವರ ಕಂಪ್ಯೂಟರಿನಲ್ಲಿ, ಅವರ ಆವೃತ್ತಿಯಲ್ಲಿ ನಡೆಯುತ್ತದೆ. ಖಾಲಿ ಜಾಗ ತುಂಬುವ ತಾಮ್ರದ ಹಾಸುಗಳು ಅಲ್ಲಿ ಹೊಸದಾಗಿ ತುಂಬಿಕೊಳ್ಳಬಹುದು, ನಮ್ಮಲ್ಲಿದ್ದ ಫಾಂಟು ಅಲ್ಲಿ ಇಲ್ಲದಿರಬಹುದು.

ಈ ಫಾಂಟಿನ ವಿಚಾರ ನಮಗೆ ಕ್ಷುಲ್ಲಕವಲ್ಲ. ಬೋರ್ಡನ್ನು ಪೆಟ್ಟಿಗೆಗೆ ಕೂರಿಸುವವರು ಹಳ್ಳಿಯ ವೈರಿಂಗ್ ಕೆಲಸದವರು, ರಿಪೇರಿ ಮಾಡುವವರು ತಾಲ್ಲೂಕು ಕೇಂದ್ರದ ಮೋಟರ್ ಅಂಗಡಿಯವರು. ವೈರು ಬಿಗಿಯುವ ಟರ್ಮಿನಲ್ ಪಕ್ಕದಲ್ಲಿ ‘ಕಾಯಿಲ್’, ‘ನ್ಯೂಟ್ರಲ್’, ‘ಒಣ ಬಾವಿ ಸೆಟ್ಟಿಂಗ್’ ಎಂದು ಕನ್ನಡದಲ್ಲೇ ಅಚ್ಚಾಗಿದ್ದರೆ ಅರ್ಧಕ್ಕರ್ಧ ಫೋನ್ ಕರೆಗಳು ತಪ್ಪುತ್ತವೆ. ಕೀಕ್ಯಾಡ್ 7ನೇ ಆವೃತ್ತಿಯಿಂದ ಕಂಪ್ಯೂಟರಿನ ಫಾಂಟುಗಳನ್ನು ಬೋರ್ಡಿನ ಮೇಲೆ ಬಳಸಬಹುದು. ಅದಕ್ಕಿಂತ ಹಿಂದಿನದಾದರೆ ಅಕ್ಷರಗಳನ್ನು ಚಿತ್ರವಾಗಿ ತಂದಿಡಬೇಕು. ಗರ್ಬರ್ ತೆಗೆದಾಗ ಅಕ್ಷರಗಳು ಬರಿಯ ಆಕಾರಗಳಾಗಿ ಮಾರ್ಪಡುವುದರಿಂದ ಕಾರ್ಖಾನೆಯಲ್ಲಿ ಕನ್ನಡ ಫಾಂಟು ಇದೆಯೋ ಇಲ್ಲವೋ ಎಂಬ ಚಿಂತೆಯಿಲ್ಲ. ಗಾತ್ರದ ಬಗ್ಗೆ ಒಂದು ಮಾತು: ಇಂಗ್ಲಿಷಿನ ದೊಡ್ಡಕ್ಷರ 1 ಮಿ.ಮೀ. ಎತ್ತರದಲ್ಲಿ ಓದಲು ಬರುತ್ತದೆ, ಕನ್ನಡಕ್ಕೆ ಅದು ಸಾಲದು. ‘ನ್ಯೂ’ದ ಒತ್ತು, ‘ಟ್ರ’ದ ಒತ್ತು ಶಾಯಿಯಲ್ಲಿ ಮುದ್ದೆಯಾಗದಿರಲು ನಾನು 2.5 ಮಿ.ಮೀ.ಗಿಂತ ಕಡಿಮೆ ಇಡುವುದಿಲ್ಲ, ಮತ್ತು ತೆಳು ಗೆರೆಯ ಫಾಂಟನ್ನು ಆರಿಸುವುದಿಲ್ಲ.

ಗರ್ಬರ್‌ನಲ್ಲೇ ಹಲವು ತಲೆಮಾರುಗಳಿವೆ. ಹಳೆಯ ಆರ್‌ಎಸ್-274ಡಿ ಬಗೆಯಲ್ಲಿ ಗೆರೆಗಳ ಅಗಲದ ಪಟ್ಟಿ ಬೇರೆ ಫೈಲಿನಲ್ಲಿರುತ್ತದೆ, ಅದು ಕಳೆದರೆ ಉಳಿದದ್ದು ನಿಷ್ಪ್ರಯೋಜಕ. ಅದನ್ನು ಈಗ ಯಾರೂ ಬಳಸಬಾರದು. ಆರ್‌ಎಸ್-274ಎಕ್ಸ್‌ನಲ್ಲಿ ಆ ಪಟ್ಟಿ ಒಳಗೇ ಇರುತ್ತದೆ. 2014ರಲ್ಲಿ ಬೆಲ್ಜಿಯಂನ ಉಕಾಮ್ಕೊ ಸಂಸ್ಥೆ ಹೊರತಂದ ಎಕ್ಸ್2ರಲ್ಲಿ ಯಾವ ಫೈಲು ಮೇಲಿನ ತಾಮ್ರ, ಯಾವುದು ಕೆಳಗಿನ ಮಾಸ್ಕ್ ಎಂಬ ಮಾಹಿತಿಯೂ ಸೇರಿರುತ್ತದೆ. ಎಕ್ಸ್2ಕ್ಕೆ ಗುರುತು ಹಾಕಿ ಕಳಿಸುವುದೇ ಲೇಸು. ಇದರೊಡನೆ ತೂತುಗಳ ಜಾಗ, ಅಳತೆ ಹೇಳುವ ಡ್ರಿಲ್ ಫೈಲನ್ನು ಮರೆಯಬಾರದು: ಗರ್ಬರ್‌ಗಳು ಮಿಲಿಮೀಟರಿನಲ್ಲಿದ್ದು ಡ್ರಿಲ್ ಫೈಲು ಇಂಚಿನಲ್ಲಿದ್ದರೆ, ಓದುವ ಕಡೆ ಎಡವಟ್ಟಾಗಿ ತೂತುಗಳೆಲ್ಲ ಒಂದು ಮೂಲೆಯಲ್ಲಿ ಗುಂಪುಗೂಡಿದ ಬೋರ್ಡು ಕಾಣಿಸಿಕೊಳ್ಳಬಹುದು. ಎಲ್ಲ ಫೈಲುಗಳನ್ನೂ ವಿನ್ಯಾಸ ಮಾಡಿದ ಕಿಟಕಿಯಲ್ಲಿ ನೋಡಿ ತೃಪ್ತಿಪಡದೆ, ಗರ್ಬ್‌ವ್ಯೂನಂಥ ಬೇರೆ ವೀಕ್ಷಕದಲ್ಲಿ ಒಂದರ ಮೇಲೊಂದು ತೆರೆದು ನೋಡಬೇಕು.

ಒಂದು ಬದಿಯೋ ಎರಡು ಬದಿಯೋ

ಅಗ್ಗದ ಸ್ಟಾರ್ಟರುಗಳಲ್ಲಿ ಕಂದು ಬಣ್ಣದ, ಕಾಗದ ಮತ್ತು ರಾಳದಿಂದಾದ ಒಂದೇ ಬದಿಯ ಬೋರ್ಡು ಇರುವುದನ್ನು ನೋಡಿರುತ್ತೀರಿ. ಬೆಲೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಅದರ ತೊಂದರೆ ಗೊತ್ತಾಗುವುದು ಟರ್ಮಿನಲ್ ಬಿಗಿಯುವಾಗ: ಒಂದು ಬದಿಯ ಬೋರ್ಡಿನಲ್ಲಿ ಪ್ಯಾಡನ್ನು ಹಿಡಿದಿರುವುದು ಅಂಟು ಮಾತ್ರ, ತೂತಿನೊಳಗೆ ತಾಮ್ರವಿಲ್ಲ. ಸ್ಕ್ರೂಡ್ರೈವರಿನ ಒಂದು ಜೋರಾದ ತಿರುವಿಗೆ, ಅಥವಾ ಟ್ರಾನ್ಸ್‌ಫಾರ್ಮರಿನ ಭಾರಕ್ಕೆ, ಅಥವಾ ರಿಲೇ ಬದಲಿಸಲು ಎರಡನೇ ಸಲ ಸೋಲ್ಡರಿಂಗ್ ಐರನ್ ತಾಗಿಸಿದಾಗ ಪ್ಯಾಡು ಟ್ರ್ಯಾಕಿನ ಸಮೇತ ಮೇಲೇಳುತ್ತದೆ. ಆ ಕಾಗದದ ಬೋರ್ಡು ತೇವವನ್ನೂ ಹೀರುತ್ತದೆ. ಎಫ್‌ಆರ್-4 ಎಂಬ ಗಾಜಿನ ನಾರಿನ ಎರಡು ಬದಿಯ ಬೋರ್ಡಿನಲ್ಲಿ ತೂತಿನ ಒಳಗೋಡೆಯ ತಾಮ್ರ ಎರಡೂ ಪ್ಯಾಡುಗಳನ್ನು ರಿವೆಟ್ಟಿನ ಹಾಗೆ ಹಿಡಿದಿರುತ್ತದೆ. ಈ ಬೋರ್ಡಿಗೆ ಎರಡು ಬದಿಯೇ ಸರಿ. ಇಲ್ಲಿ ನಮೂನೆಯ ಉತ್ತರವನ್ನು ಇದ್ದಂತೆ ಬಿಡಿ. 1.6 ಮಿ.ಮೀ. ದಪ್ಪವನ್ನೂ ಮುಟ್ಟಬೇಕಿಲ್ಲ. ನಾಲ್ಕು ಪದರದ ಮಾತು ಈ ಕೆಲಸಕ್ಕೆ ಅನವಶ್ಯಕ.

ತೂತಿನ ಅಳತೆ ಹೇಳುವಾಗ ಮಾತ್ರ ಎಚ್ಚರ ಬೇಕು. ಒಳಗೋಡೆಗೆ ತಾಮ್ರ ಕೂತ ಮೇಲೆ ತೂತು ಕಿರಿದಾಗುತ್ತದೆ. ಫೈಲಿನ ಅಳತೆಯನ್ನು ಮುಗಿದ ತೂತಿನ ಅಳತೆ ಎಂದು ಕಾರ್ಖಾನೆಗಳು ಸಾಮಾನ್ಯವಾಗಿ ತಿಳಿಯುತ್ತವೆ, ಆದರೆ ಹೊಸಬರ ಬಳಿ ಹೋದಾಗ ಕೇಳಿಕೊಳ್ಳುವುದು ಕ್ಷೇಮ. ಕಾಲಿನ ದಪ್ಪಕ್ಕೆ 0.2ರಿಂದ 0.3 ಮಿ.ಮೀ. ಸೇರಿಸಿದರೆ ಕೈಸೋಲ್ಡರಿಗೆ ಸರಿಹೋಗುತ್ತದೆ.

ದಪ್ಪ ತಾಮ್ರಕ್ಕೆ ದುಡ್ಡು ಕೊಡುವ ಬದಲು

ಮೋಟರಿನ ಬೋರ್ಡು ಎಂದೊಡನೆ 2 ಔನ್ಸ್ ತಾಮ್ರ ಬೇಕು ಎಂದು ಹಲವರು ಕಣ್ಣುಮುಚ್ಚಿ ಬರೆಯುತ್ತಾರೆ. 1 ಔನ್ಸ್ ಎಂದರೆ 35 ಮೈಕ್ರಾನ್, 2 ಔನ್ಸ್ ಎಂದರೆ 70. ಆದರೆ 5 ಎಚ್‌ಪಿ ಮೋಟರು ಎಳೆಯುವ ಏಳೆಂಟು ಆಂಪಿಯರ್ ನಮ್ಮ ಬೋರ್ಡಿನ ಮೂಲಕ ಹರಿಯುವುದೇ ಇಲ್ಲ. ಅದು ಹರಿಯುವುದು ಕಾಂಟ್ಯಾಕ್ಟರ್ ಎಂಬ ದೊಡ್ಡ ವಿದ್ಯುತ್ ಸ್ವಿಚ್ಚಿನ ಮೂಲಕ. ಬೋರ್ಡಿನ ರಿಲೇ ಮಾಡುವುದು ಕಾಂಟ್ಯಾಕ್ಟರಿನ ಕಾಯಿಲ್‌ಗೆ ಕರೆಂಟು ಕೊಟ್ಟು ತೆಗೆಯುವ ಕೆಲಸ, ಅದು 1 ಆಂಪಿಯರಿಗೂ ಬಹಳ ಕಡಿಮೆ. ಬೋರ್ಡು ವಿನ್ಯಾಸದ ಮಾನದಂಡವಾದ ಐಪಿಸಿ-2221ರ ಸೂತ್ರದಂತೆ ಹೊರಪದರದ 1 ಔನ್ಸ್ ತಾಮ್ರದಲ್ಲಿ, 10 ಡಿಗ್ರಿ ಬಿಸಿಯೇರಿಕೆಗೆ, 1 ಆಂಪಿಯರ್ ಹೊರಲು ಸುಮಾರು 0.3 ಮಿ.ಮೀ. ಅಗಲದ ಟ್ರ್ಯಾಕು ಸಾಕು. 5 ಆಂಪಿಯರಿಗೆ ಸುಮಾರು 2.8 ಮಿ.ಮೀ. ಬೇಕು. ಅಗಲ ಮಾಡಲು ಜಾಗ ಇರುವ ಕಡೆ ದಪ್ಪ ಮಾಡುವ ಅಗತ್ಯವಿಲ್ಲ. ಮೇಲಾಗಿ ತಾಮ್ರ ದಪ್ಪವಾದಷ್ಟೂ ಟ್ರ್ಯಾಕುಗಳ ನಡುವಿನ ಕನಿಷ್ಠ ಅಂತರವನ್ನು ಕಾರ್ಖಾನೆ ಹೆಚ್ಚಿಸಿ ಕೇಳುತ್ತದೆ, ಮೊಬೈಲಿಗೆ ಸುದ್ದಿ ಕಳಿಸುವ ಜಿಎಸ್‌ಎಂ ಮಾಡ್ಯೂಲಿನ ಸುತ್ತ ಅದು ತೊಂದರೆ. 1 ಔನ್ಸಿಗೇ ಬಿಡಿ.

ಈ ಬೋರ್ಡಿನ ಆಯಸ್ಸನ್ನು ತೀರ್ಮಾನಿಸುವುದು ಅಂತರ, ಮತ್ತು ವೋಲ್ಟೇಜಿಗೆ ತಕ್ಕ ಅಂತರಕ್ಕೆ ನಮೂನೆಯಲ್ಲಿ ಖಾನೆಯಿಲ್ಲ. ಎರಡು ಫೇಸುಗಳ ನಡುವಿನ 415 ವೋಲ್ಟಿನ ಅಲೆ ಏರುವ ಶಿಖರ 587 ವೋಲ್ಟ್. ಐಪಿಸಿ-2221ರ ಪ್ರಕಾರ ಲೇಪವಿಲ್ಲದ ಹೊರಪದರದಲ್ಲಿ 500 ವೋಲ್ಟಿನವರೆಗೆ 2.5 ಮಿ.ಮೀ., ಅದರ ಮೇಲೆ ಪ್ರತಿ ವೋಲ್ಟಿಗೆ 0.005 ಮಿ.ಮೀ. ಸೇರಿಸಬೇಕು, ಲೆಕ್ಕ ಮಾಡಿದರೆ 2.94 ಮಿ.ಮೀ. ಈಗ ಎಲ್ಲೆಡೆ ಸಿಗುವ 5.08 ಮಿ.ಮೀ. ಪಿಚ್ಚಿನ (ಕಾಲಿಂದ ಕಾಲಿಗೆ ಇರುವ ದೂರದ) ಹಸಿರು ಟರ್ಮಿನಲನ್ನು ತೆಗೆದುಕೊಳ್ಳಿ. ಪ್ಯಾಡಿನ ವ್ಯಾಸ 2.5 ಮಿ.ಮೀ. ಎಂದರೆ ಎರಡು ಪ್ಯಾಡುಗಳ ನಡುವೆ ಉಳಿಯುವುದು 2.58 ಮಿ.ಮೀ. ಆರ್ ಫೇಸನ್ನೂ ವೈ ಫೇಸನ್ನೂ ಅಕ್ಕಪಕ್ಕದಲ್ಲಿ ಕೂರಿಸಿದ ಕ್ಷಣವೇ ನಾವು ಆ ಮಿತಿಗಿಂತ ಕೆಳಗೆ ಬಿದ್ದೆವು. ಮಾಸ್ಕ್ ಇದೆಯಲ್ಲ ಎನ್ನುವಂತಿಲ್ಲ, ಪ್ಯಾಡಿನ ಮೇಲೆ ಮಾಸ್ಕ್ ಇರುವುದಿಲ್ಲ.

ಅದೂ ಶುಚಿಯಾದ ಬೋರ್ಡಿನ ಲೆಕ್ಕ. ಧೂಳು, ಇಬ್ಬನಿ, ಇರುವೆಗಳು ಕಚ್ಚಿ ತಂದ ಮಣ್ಣು ಬೋರ್ಡಿನ ಮೈಮೇಲೆ ಕೂತಾಗ ಕರೆಂಟು ಆ ಮೈಯನ್ನೇ ಹಾದಿ ಮಾಡಿಕೊಳ್ಳುತ್ತದೆ. ವಿದ್ಯುತ್ ನಿರೋಧನದ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60664-1ರಲ್ಲಿ ಇಂಥ ಮಲಿನ ಪರಿಸರಕ್ಕೆ, ಎಫ್‌ಆರ್-4ರಂಥ ವಸ್ತುವಿನ ಮೇಲೆ, 400 ವೋಲ್ಟಿಗೆ 6.3 ಮಿ.ಮೀ., 500 ವೋಲ್ಟಿಗೆ 8 ಮಿ.ಮೀ. ಹಾದಿ ಬೇಕೆಂದಿದೆ. ಅದೇ ಪ್ಯಾಡಿನೊಂದಿಗೆ 7.62 ಮಿ.ಮೀ. ಪಿಚ್ಚಿನ ಟರ್ಮಿನಲಿನಲ್ಲಿ ಉಳಿಯುವುದು 5.12, ಅದೂ ಸಾಲದು. 10.16ರಲ್ಲಿ 7.66 ಉಳಿಯುತ್ತದೆ. ಫೇಸುಗಳಿಗೆ ನಾನು ಈಗ ಬಳಸುವುದು 10.16 ಪಿಚ್ಚನ್ನೇ, ಬೋರ್ಡು ಎರಡು ಬೆರಳಿನಷ್ಟು ಉದ್ದವಾಗುತ್ತದೆ, ಆಗಲಿ. ಸ್ವಿಚ್ಚು, ಆಂಟೆನಾಗಳಂತೆ ಕೈ ತಾಗುವ ಭಾಗಕ್ಕೂ ಫೇಸಿಗೂ ನಡುವೆ ಈ ಹಾದಿ ಎರಡರಷ್ಟಿರಬೇಕು.

ಜಾಗವಿಲ್ಲದಾಗ ಇನ್ನೊಂದು ಆಯ್ಕೆ ಬೋರ್ಡಿನಲ್ಲೇ ಸೀಳು ಕೊಯ್ದು ಆ ಹಾದಿಯನ್ನು ಸುತ್ತುಬಳಸಾಗಿಸುವುದು. ಸೀಳಿನ ಅಗಲ ಇಂಥ ಪರಿಸರದಲ್ಲಿ 1.5 ಮಿ.ಮೀ.ಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಬರುವುದಿಲ್ಲ, 2 ಮಿ.ಮೀ. ಇಡುವುದು ಕಾರ್ಖಾನೆಯ ಉಪಕರಣಕ್ಕೂ ಒಳ್ಳೆಯದು. ಆದರೆ ಅದನ್ನು ಫೈಲಿನಲ್ಲಿ ಎಲ್ಲಿ ಬರೆಯುತ್ತೀರಿ ಎಂಬುದೇ ಮುಖ್ಯ. ನಾನೊಮ್ಮೆ ಸೀಳನ್ನು ಬೋರ್ಡಿನ ಅಂಚಿನ ಗೆರೆಗಳ ಪದರ ಬಿಟ್ಟು ಟಿಪ್ಪಣಿ ಬರೆಯುವ ಪದರದಲ್ಲಿ ಎಳೆದಿದ್ದೆ. ಪರದೆಯ ಮೇಲೆ ಎರಡೂ ಗೆರೆಗಳೇ. ಇಪ್ಪತ್ತೈದು ಬೋರ್ಡುಗಳು ಬಂದವು, ಒಂದರಲ್ಲೂ ಸೀಳಿಲ್ಲ; ಕೊಯ್ಯಬೇಕೆಂಬ ಮಾತು ಅವರಿಗೆ ತಲುಪಿದ ಫೈಲುಗಳಲ್ಲಿ ಇರಲೇ ಇಲ್ಲ. 1 ಮಿ.ಮೀ. ಬಿಟ್ಟಿನಿಂದ ಸಾಲಾಗಿ ತೂತು ಹೊಡೆದು, ಸಣ್ಣ ಗರಗಸದಲ್ಲಿ ತೂತುಗಳನ್ನು ಕೂಡಿಸಿ, ಗಾಜಿನ ನಾರು ಎದ್ದುನಿಂತ ಅಂಚುಗಳು ತೇವ ಹಿಡಿಯದಂತೆ ವಾರ್ನಿಷ್ ಬಳಿಯುವುದರಲ್ಲಿ ಎರಡು ದಿನ ಹೋದವು. ಅಂದಿನಿಂದ ಸೀಳನ್ನು ಅಂಚಿನ ಪದರದಲ್ಲಿ ಮುಚ್ಚಿದ ಆಕಾರವಾಗಿ ಎಳೆಯುತ್ತೇನೆ. ತಾಮ್ರವಿಲ್ಲದ ಉದ್ದತೂತಾಗಿ ಡ್ರಿಲ್ ಫೈಲಿಗೆ ಹಾಕುವುದೂ ಒಂದು ಸರಿಯಾದ ದಾರಿ. ಎರಡರಲ್ಲೂ ಬರೆದರೆ ಮಾತ್ರ ಗೊಂದಲ.

ಲೇಪಗಳು

ಎಚ್‌ಎಎಸ್‌ಎಲ್ ಎಂದರೆ ಕರಗಿದ ಸೋಲ್ಡರಿನಲ್ಲಿ ಅದ್ದಿ ಬಿಸಿಗಾಳಿಯಲ್ಲಿ ಸಮಮಾಡಿದ ಪ್ಯಾಡು. ಎನಿಗ್ ಎಂದರೆ ನಿಕ್ಕಲಿನ ಮೇಲೆ ತೀರ ತೆಳುವಾದ ಚಿನ್ನ. ಓಎಸ್‌ಪಿ ಎಂದರೆ ತಾಮ್ರದ ಮೇಲೆ ಸಾವಯವ ಪೊರೆ. ಕಾಲುಗಳ ಅಂತರ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುವ ಐಸಿಗಳಿದ್ದರೆ ಎನಿಗ್‌ನ ಸಮತಟ್ಟು ಬೇಕಾಗುತ್ತದೆ. ನಮ್ಮ ಬೋರ್ಡಿನ ಜಿಎಸ್‌ಎಂ ಮಾಡ್ಯೂಲಿನ ಪ್ಯಾಡುಗಳು ಅಷ್ಟು ಕಿರಿದಾಗಿಲ್ಲದಿದ್ದರೆ ಚಿನ್ನಕ್ಕೆ ಕೊಡುವ ಹಣ ವ್ಯರ್ಥ. ಓಎಸ್‌ಪಿ ಅಗ್ಗ, ಆದರೆ ಬೆವರುಗೈಗೂ ದಿನಗಟ್ಟಲೆ ಕಾಯುವುದಕ್ಕೂ ಹೇಳಿ ಮಾಡಿಸಿದ್ದಲ್ಲ. ಹಣ ಬಂದಂತೆ ಹತ್ತು ಹತ್ತು ಬೋರ್ಡು ಜೋಡಿಸುವ ಸಣ್ಣ ವರ್ಕ್‌ಶಾಪಿಗೆ ಅದು ಒಗ್ಗುವುದಿಲ್ಲ. ಸೀಸದ ಎಚ್‌ಎಎಸ್‌ಎಲ್ 183 ಡಿಗ್ರಿಯಲ್ಲಿ ಕರಗುತ್ತದೆ, ಸೀಸರಹಿತ ಸೋಲ್ಡರುಗಳಿಗೆ 217 ಡಿಗ್ರಿಗೂ ಮೇಲೆ ಬೇಕು. ಮೋಟರ್ ಅಂಗಡಿಯಲ್ಲಿ ಸಾದಾ ಐರನ್ ಹಿಡಿದು ಕೂತವರ ದೃಷ್ಟಿಯಿಂದ ಮೊದಲನೆಯದೇ ಅನುಕೂಲ. ರಫ್ತು ಮಾಡುವವರಿಗೆ ಈ ಸಲಹೆ ಸಲ್ಲದು, ಯೂರೋಪಿನ ನಿಯಮಗಳು ಸೀಸವನ್ನು ಒಪ್ಪುವುದಿಲ್ಲ.

ಜೋಡಿಸಿದ ಮೇಲೆ ಬಳಿಯುವ ರಕ್ಷಣೆಯ ಲೇಪ ಬೇರೆ ಮಾತು, ಮತ್ತು ಇಲ್ಲಿ ಹಣ ಹಾಕಬೇಕು. ಇಡೀ ಬೋರ್ಡನ್ನು ಎಪಾಕ್ಸಿಯಲ್ಲಿ ಮುಳುಗಿಸಿದರೆ ಇರುವೆ ಹಲ್ಲಿಗಳ ಕಾಟ ಮುಗಿಯುತ್ತದೆ, ರಿಪೇರಿಯೂ ಮುಗಿಯುತ್ತದೆ: ಮೂವತ್ತು ರೂಪಾಯಿಯ ರಿಲೇ ಕೆಟ್ಟರೆ ಬೋರ್ಡನ್ನೇ ಎಸೆಯಬೇಕು. ಅಕ್ರಿಲಿಕ್ ಲೇಪ ಅಷ್ಟು ಗಟ್ಟಿಯಲ್ಲ, ಆದರೆ ದ್ರಾವಕದಲ್ಲಿ ಕರಗುತ್ತದೆ, ಅದರ ಮೇಲೆಯೇ ಐರನ್ ಇಟ್ಟು ಸೋಲ್ಡರ್ ಬಿಡಿಸಬಹುದು. ನನ್ನ ಆಯ್ಕೆ ಅಕ್ರಿಲಿಕ್. ಬಳಿಯುವಾಗ ಟರ್ಮಿನಲ್, ಸಿಮ್ ಜಾಗಗಳಿಗೆ ಟೇಪು ಹಚ್ಚುವುದನ್ನು ಮರೆಯಬಾರದು. ಮಾಸ್ಕಿನ ಬಣ್ಣದ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಕಪ್ಪು ಬೋರ್ಡಿನಲ್ಲಿ ಟ್ರ್ಯಾಕು ಹುಡುಕುವುದು ಕಷ್ಟ, ಅಷ್ಟೆ.

ಹಾಳೆಯಾಗಿ ಜೋಡಿಸುವುದು, ಕೈಯೋ ಯಂತ್ರವೋ

ಐವತ್ತು ಬೋರ್ಡಿನವರೆಗೆ ಕೈಸೋಲ್ಡರೇ ಸಾಕು, ಬಿಡಿ ಬೋರ್ಡುಗಳನ್ನೇ ತರಿಸಿಕೊಳ್ಳಿ. ಐದುನೂರಕ್ಕೆ ಹೋದಾಗ ಯಂತ್ರದಲ್ಲಿ ಕೂರಿಸುವವರು ಹಲವು ಬೋರ್ಡುಗಳ ಹಾಳೆಯನ್ನು ಕೇಳುತ್ತಾರೆ. ಆಯತಾಕಾರದ ಬೋರ್ಡಿಗೆ, ಮುರಿದು ಬಿಡಿಸಲು ಹಾಕುವ ವಿ-ಗೀರು ಅಗ್ಗ ಮತ್ತು ಅಂಚು ನೇರ. ಗೀರು ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲೇಬೇಕಾದ್ದರಿಂದ, ವಕ್ರ ಆಕಾರದ ಬೋರ್ಡಿಗೆ ಸಣ್ಣ ತೂತುಗಳ ಸಾಲಿನ ಸೇತುವೆಗಳೇ ಗತಿ. ಗೀರಿನ ಪಕ್ಕದಲ್ಲಿ ಸೆರಾಮಿಕ್ ಕೆಪಾಸಿಟರ್ ಇಟ್ಟರೆ ಮುರಿಯುವಾಗ ಒಳಗೇ ಬಿರುಕು ಬಿಟ್ಟು, ತಿಂಗಳುಗಳ ನಂತರ ಕೈಕೊಡುತ್ತದೆ. ಇಡಲೇಬೇಕಾದರೆ ಅದರ ಉದ್ದ ಗೀರಿಗೆ ಸಮಾಂತರವಾಗಿರಲಿ. ಯಂತ್ರಕ್ಕೆ ಕೊಡುವ ಸ್ಥಾನಗಳ ಫೈಲಿನಲ್ಲಿ ಡಯೋಡು, ಐಸಿಗಳ ತಿರುವು ನಮ್ಮದಕ್ಕೂ ಅವರದಕ್ಕೂ ಹೊಂದದಿರುವುದು ಸಾಮಾನ್ಯ, ಮೊದಲ ಬೋರ್ಡಿನ ಚಿತ್ರ ತರಿಸಿ ನೋಡಿದ ಮೇಲೆಯೇ ಮುಂದುವರಿಯಲು ಹೇಳಬೇಕು.

ಯಾವ ಆಯ್ಕೆಯಾದರೂ, ಕಳಿಸುವ ಹಿಂದಿನ ದಿನ ಬೋರ್ಡನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಥರ್ಮೋಕೋಲಿನ ಮೇಲೆ ಅಂಟಿಸಿ, ರಿಲೇ, ಟ್ರಾನ್ಸ್‌ಫಾರ್ಮರು, ಟರ್ಮಿನಲುಗಳನ್ನು ಚುಚ್ಚಿ ನೋಡಿ. ರಿಲೇಯ ಐದು ಕಾಲುಗಳಲ್ಲಿ ನಾಲ್ಕು ಇಳಿದು ಐದನೆಯದು ಕಾಗದದ ಮೇಲೆ ನಿಂತರೆ, ಆ ತಪ್ಪು ಹಿಡಿಯಲು ತಗಲಿದ ಖರ್ಚು ಎರಡು ರೂಪಾಯಿ. ಫೈಲು ತಲುಪಿದ ಮೇಲೆ ಕಾರ್ಖಾನೆಯ ಎಂಜಿನಿಯರಿಂದ ಪ್ರಶ್ನೆ ಬರಬಹುದು: ಈ ತೂತಿಗೆ ತಾಮ್ರ ಬೇಕೇ, ಈ ಪ್ಯಾಡಿನ ಸುತ್ತಲಿನ ಉಂಗುರ ಕಿರಿದಾಗಿದೆ, ದೊಡ್ಡದು ಮಾಡಲೇ ಎಂದು. ಫೋನಿನಲ್ಲಿ ‘ಮಾಡಿ ಸಾರ್’ ಎಂದು ಬಿಡದೆ ಬರಹದಲ್ಲಿ ಉತ್ತರಿಸಿ, ಅದೇ ತಿದ್ದುಪಡಿಯನ್ನು ನಮ್ಮ ಮೂಲ ಫೈಲಿನಲ್ಲೂ ಮಾಡಿ, ಬೋರ್ಡಿನ ಮೇಲಿನ ಆವೃತ್ತಿ ಸಂಖ್ಯೆಯನ್ನು ಒಂದು ಏರಿಸಿಡಬೇಕು. ಅವರು ತಿದ್ದಿದ್ದು ಅವರ ಕಂಪ್ಯೂಟರಿನಲ್ಲೇ ಉಳಿದರೆ, ಮುಂದಿನ ಲಾಟನ್ನು ಬೇರೆ ಕಡೆ ಕೊಟ್ಟ ದಿನ ಹಳೆಯ ತಪ್ಪೇ ಮತ್ತೆ ಅಚ್ಚಾಗಿ ಬರುತ್ತದೆ.